ಹದಿನಾರು ಕೋರ್, ದುಡಿಯುವುದು ಒಂದೇ

ಸಂಚಾರದ ಸಿಮ್ಯುಲೇಶನ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದವರಿಗೆ ಈ ಅಂಕಿ ಪರಿಚಿತ: ಸಿಪಿಯು ಬಳಕೆ ಶೇ 3ರ ಆಸುಪಾಸು. ಪ್ರೊಸೆಸರ್‌ನಲ್ಲಿ 16 ಕೋರ್‌ಗಳಿವೆ, 32 ಥ್ರೆಡ್‌ಗಳಿವೆ. ಅವುಗಳಲ್ಲಿ ಒಂದು ಉಸಿರುಗಟ್ಟಿ ದುಡಿಯುತ್ತಿದೆ, ಮಿಕ್ಕವು ಕೈಕಟ್ಟಿ ಕೂತಿವೆ. ಒಂದು ಗಂಟೆಯ ಟ್ರಾಫಿಕ್ ಇನ್ನೂ ಅರ್ಧದಷ್ಟೂ ಮುಗಿದಿಲ್ಲ. ಇಷ್ಟು ದುಡ್ಡು ಸುರಿದು ತಂದ ಯಂತ್ರ ಖಾಲಿ ಕೂತಿದೆಯಲ್ಲ ಎಂದು ಲ್ಯಾಬ್‌ನವರು ಮಾರಾಟಗಾರನಿಗೆ ಫೋನ್ ಮಾಡುತ್ತಾರೆ. ಇನ್ನಷ್ಟು ರ‍್ಯಾಮ್ ಹಾಕಿಸಿ ಎನ್ನುತ್ತಾನೆ ಅವನು.

ಸಾರಿಗೆ ಎಂಜಿನಿಯರಿಂಗ್ ವಿಭಾಗಗಳಲ್ಲಿ, ಸಲಹಾ ಸಂಸ್ಥೆಗಳಲ್ಲಿ ಕಂಪ್ಯೂಟರ್ ಕೊಳ್ಳುವ ರೂಢಿಯೇ ಹೀಗಿದೆ. ಯಾವುದೋ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಬರೆದಿದ್ದ ಪಟ್ಟಿಯನ್ನು ಎತ್ತಿಕೊಂಡು, ಹೆಸರು ಬದಲಿಸಿ, ಟೆಂಡರಿಗೆ ಅಂಟಿಸುತ್ತಾರೆ: ಕ್ಸಿಯಾನ್ ಪ್ರೊಸೆಸರ್, ಕನಿಷ್ಠ ಇಷ್ಟು ಕೋರ್, 128 ಜಿಬಿ ರ‍್ಯಾಮ್, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್. ಓದುವುದಕ್ಕೆ ಭರ್ಜರಿಯಾಗಿರುತ್ತದೆ. ಆದರೆ ಆ ಯಂತ್ರದ ಮೇಲೆ ಓಡಬೇಕಾದ ತಂತ್ರಾಂಶ ಒಳಗೆ ಏನು ಮಾಡುತ್ತದೆ ಎಂಬ ಒಂದು ಸಾಲು ಅದರಲ್ಲಿ ಎಲ್ಲೂ ಇರುವುದಿಲ್ಲ. ಒಂದು ನಗರವನ್ನು ಒಂದು ಸಲ ಓಡಿಸುವ ಕೆಲಸಕ್ಕೆ ಬೇಕಾದದ್ದು ಅತಿ ವೇಗದ ಒಂದು ಕೋರ್, ಅದರ ಪಕ್ಕದಲ್ಲೇ ದೊಡ್ಡ ಕ್ಯಾಶ್ ಮೆಮೊರಿ. ಕೋರ್‌ಗಳ ಸಂಖ್ಯೆ ಎಣಿಕೆಗೆ ಬರುವುದು ಅದೇ ನಗರವನ್ನು ಹತ್ತಾರು ಸಲ ಓಡಿಸಬೇಕಾದಾಗ. ಇವೆರಡೂ ಬೇರೆ ಬೇರೆ ಖರೀದಿಗಳು. ಟೆಂಡರುಗಳು ಇವನ್ನು ಒಂದೇ ಎಂದುಕೊಂಡಿವೆ.

ಉದಾಹರಣೆಗೆ ಸುಮೊವನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ 2001ರಿಂದ ಬೆಳೆಸಿಕೊಂಡು ಬಂದಿರುವ ಮುಕ್ತ ತಂತ್ರಾಂಶ ಇದು. ಬಿಡಿಗಾಸಿಲ್ಲದೆ ಸಿಗುವುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಇದರದ್ದೇ ಬಳಕೆ ಹೆಚ್ಚು. ಸುಮೊ ಕಾಲವನ್ನು ಹೆಜ್ಜೆಗಳಾಗಿ ಕತ್ತರಿಸುತ್ತದೆ. ನಾವು ಬದಲಿಸದಿದ್ದರೆ ಒಂದು ಹೆಜ್ಜೆ ಎಂದರೆ ಒಂದು ಸೆಕೆಂಡ್. ಪ್ರತಿ ಹೆಜ್ಜೆಯಲ್ಲೂ ಪ್ರತಿಯೊಂದು ವಾಹನವೂ ಮುಂದಿನ ವಾಹನದ ವೇಗ ಎಷ್ಟು, ನಡುವೆ ಜಾಗ ಎಷ್ಟು ಎಂದು ನೋಡಿ ತನ್ನ ವೇಗ ನಿರ್ಧರಿಸುತ್ತದೆ. ಜಂಕ್ಷನ್ ಹತ್ತಿರವಾದರೆ ಅಡ್ಡ ಬರುವವರು ಯಾರು, ಮೊದಲ ಹಕ್ಕು ಯಾರದು ಎಂದು ಕೇಳಬೇಕು. ಆಮೇಲೆ ಲೇನ್ ಬದಲಿಸುವ ವಿಚಾರ. ಇದೆಲ್ಲ ಮುಗಿದ ಮೇಲಷ್ಟೇ ಮುಂದಿನ ಸೆಕೆಂಡ್. ಎಂಟೂವರೆ ಗಂಟೆಯ ಹೆಬ್ಬಾಳವನ್ನು ಒಂದು ಕೋರ್‌ಗೂ ಎಂಟೂ ಮುಕ್ಕಾಲಿನ ಹೆಬ್ಬಾಳವನ್ನು ಇನ್ನೊಂದು ಕೋರ್‌ಗೂ ಕೊಟ್ಟು ಏಕಕಾಲಕ್ಕೆ ಓಡಿಸುವ ಹಾಗಿಲ್ಲ. ಮೊದಲನೆಯದು ಮುಗಿಯದೆ ಎರಡನೆಯದರಲ್ಲಿ ಯಾರ‍್ಯಾರು ಎಲ್ಲಿ ನಿಂತಿರುತ್ತಾರೆ ಎಂಬುದೇ ತಿಳಿಯುವುದಿಲ್ಲ.

ಕಾಲವನ್ನು ಹಂಚಲಾಗದಿದ್ದರೆ ಊರನ್ನು ಹಂಚಬಹುದಲ್ಲ? ಹಂಚಬಹುದು, ಹಂಚಿದವರೂ ಇದ್ದಾರೆ. ಆದರೆ ಗಡಿ ದಾಟುವ ವಾಹನಗಳ ಲೆಕ್ಕವನ್ನು ಪ್ರತಿ ಹೆಜ್ಜೆಗೂ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬೇಕು. ಒಂದು ಹೆಜ್ಜೆಯ ಒಟ್ಟು ಕೆಲಸವೇ ಸೆಕೆಂಡಿನ ಒಂದು ಸಣ್ಣ ಪಾಲು. ಅದರಲ್ಲಿ ಒಬ್ಬರಿಗೊಬ್ಬರು ಕಾಯುವುದರಲ್ಲೇ ಲಾಭ ಸೋರಿಹೋಗುತ್ತದೆ. ಇನ್ನೊಂದು ಕಷ್ಟ ಟ್ರಾಫಿಕ್ಕಿನ ಸ್ವಭಾವದ್ದೇ. ವಾಹನಗಳು ಊರಿನ ತುಂಬ ಸಮವಾಗಿ ಹರಡಿರುವುದಿಲ್ಲ. ಬೆಂಗಳೂರನ್ನು ಎಂಟು ಹೋಳು ಮಾಡಿ ಎಂಟು ಕೋರ್‌ಗಳಿಗೆ ಕೊಟ್ಟರೆ, ಸಿಲ್ಕ್ ಬೋರ್ಡ್ ಸಿಕ್ಕ ಕೋರ್ ಏದುಸಿರು ಬಿಡುತ್ತದೆ, ಉಳಿದ ಏಳೂ ಅದು ಮುಗಿಸುವುದನ್ನೇ ಕಾಯುತ್ತವೆ.

ಈ ಕ್ಷೇತ್ರದವರಿಗೆ ಸಮಾನಾಂತರ ಲೆಕ್ಕಾಚಾರ ಗೊತ್ತೇ ಇರಲಿಲ್ಲ ಎಂದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಪ್ಯಾರಾಮಿಕ್ಸ್ ಎಂಬ ಸಂಚಾರ ಸಿಮ್ಯುಲೇಶನ್ ತಂತ್ರಾಂಶ 1990ರ ದಶಕದ ಆರಂಭದಲ್ಲಿ ಓಡಿದ್ದು ಕನೆಕ್ಷನ್ ಮಷೀನ್ ಎಂಬ ಬೃಹತ್ ಸಮಾನಾಂತರ ಯಂತ್ರದ ಮೇಲೆ. 1992ರಲ್ಲಿ ಭೌತವಿಜ್ಞಾನಿಗಳಾದ ಕಾಯ್ ನಾಗೆಲ್ ಮತ್ತು ಮಿಖಾಯೆಲ್ ಶ್ರೆಕೆನ್‌ಬರ್ಗ್ ರಸ್ತೆಯನ್ನೇ ಚೌಕಗಳಾಗಿ ಒಡೆದು, ಒಂದು ಚೌಕದಲ್ಲಿ ಒಂದೇ ಕಾರು ಎಂಬ ನಿಯಮ ಇಟ್ಟು ಮಾದರಿ ಕಟ್ಟಿದರು. ಹಂಚಿಕೊಂಡು ಲೆಕ್ಕ ಮಾಡಲು ಹೇಳಿ ಮಾಡಿಸಿದಂಥದ್ದು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಟ್ರಾನ್ಸಿಮ್ಸ್ ಅದೇ ದಾರಿಯಲ್ಲಿ ಇಡೀ ನಗರಗಳನ್ನು ಓಡಿಸಿತು. ಆಮೇಲೆ ಸಾಮಾನ್ಯ ಪಿಸಿಗಳು ವರ್ಷದಿಂದ ವರ್ಷಕ್ಕೆ ತಾವಾಗಿಯೇ ವೇಗವಾಗುತ್ತ ಹೋದವು, ಕಷ್ಟಪಟ್ಟು ಕೆಲಸ ಹಂಚುವ ಅಗತ್ಯವೇ ಬೀಳಲಿಲ್ಲ. ಸುಮೊ ಹುಟ್ಟಿದ್ದು ಆ ನೆಮ್ಮದಿಯ ಕಾಲದಲ್ಲಿ. 2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್‌ಗೆ ಬಂದು ಶಾಖದ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. 4 ಗಿಗಾಹರ್ಟ್ಸ್‌ನದನ್ನು ಇಂಟೆಲ್ ಕೈಬಿಟ್ಟಿತು. ಅಲ್ಲಿಂದಾಚೆ ಕಂಪನಿಗಳು ವೇಗದ ಬದಲು ಕೋರ್‌ಗಳನ್ನು ಮಾರತೊಡಗಿದವು. ತಂತ್ರಾಂಶದ ಅಡಿಪಾಯ ಮಾತ್ರ ಹಳೆಯದೇ.

ಸುಮೊದಲ್ಲಿ ಥ್ರೆಡ್‌ಗಳ ಸಂಖ್ಯೆ ಹೇಳುವ ಆಯ್ಕೆ ಇಲ್ಲದಿಲ್ಲ. ಅದು ಫಲ ಕೊಡುವುದು ಹೆಚ್ಚಾಗಿ ಓಡುವ ನಡುವೆಯೇ ವಾಹನಗಳಿಗೆ ಹೊಸ ದಾರಿ ಹುಡುಕುವ ಕೆಲಸ ದಂಡಿಯಾಗಿದ್ದಾಗ. ದಾರಿ ಹುಡುಕುವುದು ಪ್ರತಿ ವಾಹನಕ್ಕೂ ಸ್ವತಂತ್ರ ಕೆಲಸವಾದ್ದರಿಂದ ಹಂಚಿಕೊಳ್ಳುವುದು ಸುಲಭ. ವಾಹನ ಚಲಿಸುವ ಮೂಲ ಕೆಲಸಕ್ಕೆ ಅದರಿಂದ ಸಿಗುವುದು ಅಲ್ಪ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಈ ಲೆಕ್ಕ ಹೇಳಿಟ್ಟಿದ್ದಾರೆ: ಕೆಲಸದ ಅರ್ಧವನ್ನಷ್ಟೇ ಹಂಚಲು ಬರುವುದಾದರೆ ಹದಿನಾರು ಕೋರ್ ಕೊಟ್ಟರೂ ವೇಗ ಎರಡು ಪಟ್ಟು ಮುಟ್ಟುವುದಿಲ್ಲ, 1.88ಕ್ಕೆ ನಿಲ್ಲುತ್ತದೆ. ಶೇ 90ರಷ್ಟನ್ನು ಹಂಚಲು ಬಂದರೂ ಹದಿನಾರರಿಂದ ಸಿಗುವುದು 6.4 ಪಟ್ಟು. ಕೋರ್‌ಗೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ ಹೋದಂತೆಯೇ.

ಕಾರ್ಲ್ಸ್‌ರೂಹೆಯ ಪಿಟಿವಿ ಕಂಪನಿಯ ವಿಸ್ಸಿಮ್ ಎಂಬ ಸಿಮ್ಯುಲೇಶನ್ ತಂತ್ರಾಂಶ ಈ ವಿಷಯದಲ್ಲಿ ಮುಂದಿದೆ. ಎಷ್ಟು ಕೋರ್ ಬಳಸಬೇಕು ಎಂದು ಕೇಳುವ ಜಾಗ ಅದರ ಸಿಮ್ಯುಲೇಶನ್ ಪ್ಯಾರಾಮೀಟರ್ ಕಿಟಕಿಯಲ್ಲೇ ಇದೆ. ದೊಡ್ಡ ರಸ್ತೆ ನೆಟ್‌ವರ್ಕ್ ಇದ್ದು, ಸಾವಿರಾರು ವಾಹನಗಳು ಏಕಕಾಲಕ್ಕೆ ರಸ್ತೆಯಲ್ಲಿದ್ದರೆ ನಾಲ್ಕೋ ಎಂಟೋ ಕೋರ್ ಕೊಟ್ಟದ್ದು ಸಾರ್ಥಕ. ಎರಡು ಜಂಕ್ಷನ್ನಿನ ಒಂದು ಕಾರಿಡಾರ್‌ಗೆ ಅಷ್ಟು ಕೊಟ್ಟರೆ ಆಮ್ಡಾಲ್ ಅಲ್ಲೂ ಅಡ್ಡ ನಿಲ್ಲುತ್ತಾರೆ. ಡೆಸ್ಕ್‌ಟಾಪ್‌ನ ವಿಸ್ಸಿಮ್ ವಿಂಡೋಸ್‌ಗೆಂದೇ ಇರುವುದರಿಂದ ಆಪಲ್‌ನ ಎಂ ಸರಣಿಯ ಚಿಪ್‌ಗಳು ಅದರ ಬಳಕೆದಾರರ ಪಟ್ಟಿಗೇ ಬರುವುದಿಲ್ಲ. ಸುಮೊದವರಿಗೆ ಆ ಅಡ್ಡಿಯಿಲ್ಲ, ಒಂಟಿ ಕೋರ್‌ನ ಓಟದಲ್ಲಿ ಆ ಚಿಪ್‌ಗಳು ಯಾರಿಗೂ ಕಡಿಮೆಯಿಲ್ಲ.

ಇನ್ನು ಕ್ಯಾಶ್ ಮೆಮೊರಿ. ಕರಪತ್ರದಲ್ಲಿ ಕೊನೆಗೆಲ್ಲೋ ಸಣ್ಣಕ್ಷರದಲ್ಲಿ ಇರುವ ಈ ಅಂಕಿಯೇ ಈ ಕೆಲಸಕ್ಕೆ ಗಿಗಾಹರ್ಟ್ಸ್‌ನಷ್ಟು ಮುಖ್ಯ ಎಂಬುದು ನನ್ನ ಅಭಿಪ್ರಾಯ. ವಾಹನ, ಲೇನ್, ಜಂಕ್ಷನ್ ಎಲ್ಲವೂ ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ವಸ್ತುಗಳು. ಒಂದು ಸ್ಕೂಟರಿನ ಮುಂದಿನ ವೇಗ ತಿಳಿಯಲು ಪ್ರೊಸೆಸರ್ ಅದರ ವಿವರ ತೆರೆಯಬೇಕು, ಅಲ್ಲಿಂದ ಲೇನಿಗೆ, ಲೇನಿನಿಂದ ಮುಂದಿನ ವಾಹನಕ್ಕೆ, ಅಲ್ಲಿಂದ ಸಿಗ್ನಲ್‌ಗೆ ಅಲೆಯಬೇಕು. ಬೇಕಾದ ಸಾಮಾನು ಒಲೆಯ ಪಕ್ಕದ ಕಪಾಟಿನಲ್ಲಿದ್ದರೆ ಅಡುಗೆ ಸಾಗುತ್ತದೆ, ಒಂದೊಂದಕ್ಕೂ ಹಿತ್ತಲ ಉಗ್ರಾಣಕ್ಕೆ ಹೋಗಿ ಬರಬೇಕಾದರೆ ಕೈ ಎಷ್ಟು ಚುರುಕಿದ್ದೂ ಪ್ರಯೋಜನವಿಲ್ಲ. ಅಂಕಿಯಲ್ಲಿ ಹೇಳುವುದಾದರೆ, 5 ಗಿಗಾಹರ್ಟ್ಸ್ ಪ್ರೊಸೆಸರ್ ಎಲ್3 ಕ್ಯಾಶ್‌ನಿಂದ ಒಂದು ವಿವರ ತರಲು ಸುಮಾರು 50 ಸೈಕಲ್ ಕಾಯುತ್ತದೆ, ರ‍್ಯಾಮ್‌ನಿಂದ ತರಲು 350ರಿಂದ 400. ಆ ಹೊತ್ತಿನಲ್ಲಿ ಕೋರ್ ಬ್ಯುಸಿಯಾಗಿರುವಂತೆ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ನಿಜದಲ್ಲಿ ಅದು ಕಾಯುತ್ತಾ ನಿಂತಿರುತ್ತದೆ.

2022ರ ಏಪ್ರಿಲ್‌ನಲ್ಲಿ ಎಎಂಡಿ ಬಿಟ್ಟ ರೈಜನ್ 7 5800ಎಕ್ಸ್3ಡಿ ಈ ಕಾರಣಕ್ಕೇ ಕುತೂಹಲ ಹುಟ್ಟಿಸಿದ ಚಿಪ್. ಅದರ ಅಣ್ಣ 5800ಎಕ್ಸ್‌ನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಎಲ್3 ಕ್ಯಾಶ್ 32 ಎಂಬಿ. ತಮ್ಮನದು 4.5 ಗಿಗಾಹರ್ಟ್ಸ್, ಕ್ಯಾಶ್ 96 ಎಂಬಿ. ಹೆಚ್ಚಿನ 64 ಎಂಬಿಯನ್ನು ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕೂರಿಸಿದ್ದರು. ಗಡಿಯಾರ ನಿಧಾನವಾದರೂ ಆಟಗಳಲ್ಲಿ ತಮ್ಮನೇ ಗೆದ್ದ, ಅದರಲ್ಲೂ ಸಾವಿರಾರು ಪಾತ್ರಗಳು ಓಡಾಡುವ ಆಟಗಳಲ್ಲಿ. ಸಂಚಾರದ ಸಿಮ್ಯುಲೇಶನ್ ಒಳಗಿನಿಂದ ಅದೇ ಜಾತಿಯದು. 2023ರ 7800ಎಕ್ಸ್3ಡಿ, 2024ರ 9800ಎಕ್ಸ್3ಡಿ ಅದೇ ವಂಶದವು. ಎಂಟು ಕೋರ್, 96 ಎಂಬಿ ಕ್ಯಾಶ್ ಎರಡರಲ್ಲೂ ಉಂಟು. ಒಂದು ಮಧ್ಯಮ ನಗರದ ನೆಟ್‌ವರ್ಕ್ ಇಟ್ಟುಕೊಂಡು ದಿನವಿಡೀ ತಿದ್ದಿ ತಿದ್ದಿ ಓಡಿಸುವ ಸಂಶೋಧನಾ ವಿದ್ಯಾರ್ಥಿಗೆ ಯಾವುದು ಕೊಳ್ಳಲಿ ಎಂದರೆ ನಾನು ಬೊಟ್ಟು ಮಾಡುವುದು ಈ ಬಗೆಯ ಎಂಟು ಕೋರ್ ಚಿಪ್‌ಗೆ. ನಾಲ್ಕು ಪಟ್ಟು ಬೆಲೆಯ ಸರ್ವರ್ ಕ್ಸಿಯಾನ್‌ಗಿಂತ ಇದರಲ್ಲಿ ಅವರ ಕೆಲಸ ಬೇಗ ಮುಗಿಯುತ್ತದೆ. ನಾಲ್ಕೇ ಜಂಕ್ಷನ್ನಿನ ನೆಟ್‌ವರ್ಕ್ ಆದರೆ ಅದು 32 ಎಂಬಿಯಲ್ಲೇ ಹಿಡಿಯುತ್ತದೆ, ಹೆಚ್ಚಿನ ಪದರಕ್ಕೆ ಕೊಟ್ಟ ದುಡ್ಡು ದಂಡ. (ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಚಿಪ್ ವಿನ್ಯಾಸಕಾರರು ಆಫೀಸು ತಲುಪುವ ದಾರಿಯಲ್ಲೇ ಪರೀಕ್ಷೆಗೆ ಬೇಕಾದಷ್ಟು ಸರಕಿದೆ.)

ಹಾಗಂತ ಗಿಗಾಹರ್ಟ್ಸ್ ಬೆನ್ನು ಹತ್ತಿ ಹೋಗುವುದರಲ್ಲೂ ಅಪಾಯವಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಚಿಪ್‌ಗಳು 6.2 ಗಿಗಾಹರ್ಟ್ಸ್‌ವರೆಗೆ ಏರಿದವು. ಆಮೇಲೆ ಅತಿಯಾದ ವೋಲ್ಟೇಜ್‌ನಿಂದ ಅವುಗಳಲ್ಲಿ ಕೆಲವು ಅಸ್ಥಿರವಾಗುತ್ತಿವೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ರಾತ್ರಿಯಿಡೀ ಓಡಬೇಕಾದ ಲೆಕ್ಕಕ್ಕೆ ನಡುರಾತ್ರಿ ಕೈಕೊಡುವ ವೇಗದಿಂದ ಏನು ಉಪಯೋಗ? ಲ್ಯಾಪ್‌ಟಾಪ್‌ನದು ಇನ್ನೊಂದು ಕಥೆ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ವೇಗ ತಣ್ಣಗಿರುವ ಚಿಪ್ ಕೆಲವು ಸೆಕೆಂಡ್ ತೋರಿಸುವ ಪ್ರತಾಪ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ, ತೆಳ್ಳನೆಯ ಲ್ಯಾಪ್‌ಟಾಪ್ ಒಂದು ಗಂಟೆ ಓಡಿದ ಮೇಲೆ ಯಾವ ವೇಗದಲ್ಲಿರುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಇಂಟೆಲ್‌ನ ಒಂದೇ ಐ7 ಹೆಸರಿನಡಿ ಕೊನೆಯಲ್ಲಿ ಯು ಇದ್ದರೆ ಒಂದು ವೇಗ, ಎಚ್ ಇದ್ದರೆ ಇನ್ನೊಂದು. ಆ ಒಂದಕ್ಷರವನ್ನು ಟೆಂಡರಿನಲ್ಲಿ ಬರೆದದ್ದನ್ನು ನಾನು ಕಂಡದ್ದು ಅಪರೂಪ.

ಪ್ರೊಸೆಸರ್ ಎಷ್ಟು ಬೇಕು ಎಂಬುದಕ್ಕೆ ಸುಮೊ ತಾನೇ ಒಂದು ಅಳತೆಗೋಲು ಕೊಡುತ್ತದೆ, ಅದನ್ನು ಓದುವವರು ಕಡಿಮೆ. ಓಟ ಮುಗಿದಾಗ ಕಪ್ಪು ಪರದೆಯ ಮೇಲೆ ನಾಲ್ಕಾರು ಸಾಲು ಬರುತ್ತವೆ: ಒಟ್ಟು ಹಿಡಿದ ಸಮಯ, ನಿಜ ಸಮಯಕ್ಕಿಂತ ಎಷ್ಟು ಪಟ್ಟು ವೇಗ, ಅದರ ಕೆಳಗೆ ಯುಪಿಎಸ್. ಒಂದು ಸೆಕೆಂಡಿನಲ್ಲಿ ಎಷ್ಟು ವಾಹನಗಳ ಸ್ಥಿತಿಯನ್ನು ಪ್ರೊಸೆಸರ್ ತಿದ್ದಿ ಬರೆಯಿತು ಎಂಬ ಲೆಕ್ಕ ಅದು. ಉದಾಹರಣೆಗೆ ಆ ಅಂಕಿ 2 ಲಕ್ಷ ಎಂದುಕೊಳ್ಳಿ. ನೆಟ್‌ವರ್ಕ್‌ನಲ್ಲಿ ಸರಾಸರಿ 20,000 ವಾಹನಗಳಿದ್ದರೆ ಒಂದು ಗಂಟೆಯ ಸಂಚಾರಕ್ಕೆ 7.2 ಕೋಟಿ ತಿದ್ದುವಿಕೆ, ಅಂದರೆ 6 ನಿಮಿಷ. ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯಿತು.

ಆದರೆ ಇದು ಜರ್ಮನಿಯ ರಸ್ತೆಯ ಲೆಕ್ಕ. ಗಂಟೆಗೆ 36 ಕಿಲೋಮೀಟರ್ ವೇಗದ ಸ್ಕೂಟರ್ ಒಂದು ಸೆಕೆಂಡಿಗೆ 10 ಮೀಟರ್ ಹಾರುತ್ತದೆ. ನಡುವೆ ಅದು ಆಟೋ ಪಕ್ಕದಲ್ಲಿ ನುಸುಳಿದ್ದು, ಬಸ್ಸಿಗೆ ಅಡ್ಡ ಬಂದದ್ದು ಏನೂ ಲೆಕ್ಕಕ್ಕೆ ಸಿಗುವುದಿಲ್ಲ. ಹೆಜ್ಜೆಯನ್ನು 0.1 ಸೆಕೆಂಡಿಗೆ ಇಳಿಸಿದರೆ ಅದೇ ಓಟ 6 ನಿಮಿಷದಿಂದ ಒಂದು ಗಂಟೆಗೆ ಏರುತ್ತದೆ. ಮೇಲಾಗಿ, ಸುಮ್ಮನೆ ಬಿಟ್ಟರೆ ಸುಮೊದಲ್ಲಿ ಒಂದು ಲೇನಿನ ಅಗಲಕ್ಕೆ ಒಂದೇ ವಾಹನ. ಸ್ಕೂಟರ್ ಕೂಡ ಕಾರಿನ ಹಿಂದೆ ಶಿಸ್ತಾಗಿ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಸಂದುಗಳಲ್ಲಿ ತೂರಿ ಮುಂದೆ ಬಂದು ಗುಂಪುಗಟ್ಟುವ ನಮ್ಮ ದ್ವಿಚಕ್ರಿಗಳು ಅಲ್ಲಿ ಕಾಣುವುದಿಲ್ಲ. ಅದು ಬೇಕಾದರೆ ಉಪಲೇನ್ ಮಾದರಿ ಹಾಕಬೇಕು. 3.2 ಮೀಟರ್ ಅಗಲದ ಲೇನನ್ನು 0.8 ಮೀಟರ್‌ನಂತೆ ಸೀಳಿದರೆ ನಾಲ್ಕು ಪಟ್ಟಿ. ಈಗ ಪ್ರತಿ ವಾಹನವೂ ಮುಂದಿನ ಒಬ್ಬರನ್ನು ನೋಡಿದರೆ ಸಾಲದು, ಎಡಬಲದಲ್ಲಿ, ಓರೆಯಲ್ಲಿ ಇರುವವರನ್ನೂ ನೋಡಬೇಕು. ಯುಪಿಎಸ್ ಬಿದ್ದುಹೋಗುತ್ತದೆ. ಯುರೋಪಿನ ಬಳಕೆದಾರರು ಇಂತಿಂಥ ಯಂತ್ರ ಸಾಕು ಎಂದು ಹೇಳುವ ಮಾತನ್ನು ನಾವು ಹಾಗೆಯೇ ಎತ್ತಿಕೊಳ್ಳಬಾರದು ಎನ್ನುವುದು ಇದಕ್ಕೇ. ಸಿಲ್ಕ್ ಬೋರ್ಡನ್ನು ಸಿಲ್ಕ್ ಬೋರ್ಡಿನಂತೆ ತೋರಿಸಲು ತಗಲುವ ಲೆಕ್ಕಾಚಾರ ಬರ್ಲಿನ್‌ನ ಅಷ್ಟೇ ದೊಡ್ಡ ಜಂಕ್ಷನ್ನಿಗಿಂತ ಹಲವು ಪಟ್ಟು ಹೆಚ್ಚು.

ಕೋರ್‌ಗಳ ಪರವಾಗಿ ಹೇಳಬೇಕಾದದ್ದು ಇಲ್ಲಿದೆ. ಯಾವ ಗಂಭೀರ ಅಧ್ಯಯನವೂ ಒಂದೇ ಓಟದ ಮೇಲೆ ನಿಲ್ಲುವುದಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಸೀಡ್ ಬದಲಿಸಿ ಹತ್ತು ಸಲವಾದರೂ ಓಡಿಸಿ ಸರಾಸರಿ ನೋಡಬೇಕು. ಸುಮೊದ ಸೀಡ್ ನಾವು ಬದಲಿಸದಿದ್ದರೆ ಪ್ರತಿ ಸಲವೂ 23423. ಎಷ್ಟು ಸಲ ಓಡಿಸಿದರೂ ಅದೇ ಉತ್ತರ. ಅದೇ ಉತ್ತರವನ್ನು ಫಲಿತಾಂಶದ ದೃಢತೆ ಎಂದು ಬರೆದ ಪ್ರಾಜೆಕ್ಟ್ ವರದಿಗಳೂ ಇವೆ, ಇರಲಿ. ಈ ಹತ್ತು ಓಟಗಳು ಒಂದಕ್ಕೊಂದು ಸಂಬಂಧವಿಲ್ಲದವು. ಹತ್ತು ಕೋರ್ ಇದ್ದರೆ ಹತ್ತನ್ನೂ ಒಟ್ಟಿಗೆ ಬಿಡಬಹುದು. ಕಂಪ್ಯೂಟರ್‌ಗೇ ಸಿಗ್ನಲ್ ನಡೆಸುವುದನ್ನು ಕಲಿಸುವ ಸಂಶೋಧನೆಗಳಲ್ಲಿ ಸಾವಿರಾರು ಓಟ ಬೇಕು. ಅಲ್ಲಿ ಎಎಂಡಿಯ 64 ಕೋರ್‌ನ ಥ್ರೆಡ್‌ರಿಪ್ಪರ್ ಕೇಳಿದವರನ್ನು ನಾನು ಆಡಿಕೊಳ್ಳುವುದಿಲ್ಲ.

ಆಗಲೂ ಒಂದು ತೊಡಕು ಉಳಿಯುತ್ತದೆ. ಎಕ್ಸ್3ಡಿ ಚಿಪ್‌ಗಳ ಆ 96 ಎಂಬಿ ಕ್ಯಾಶ್ ಎಂಟೂ ಕೋರ್‌ಗಳ ಜಂಟಿ ಆಸ್ತಿ. ಎಂಟು ಓಟಗಳನ್ನು ಒಟ್ಟಿಗೆ ಬಿಟ್ಟರೆ ಒಂದೊಂದರ ಪಾಲಿಗೆ ಬರುವುದು 12 ಎಂಬಿ. ಒಂಟಿ ಓಟದಲ್ಲಿ ಕಂಡ ಚಮತ್ಕಾರ ಅಲ್ಲಿ ಕರಗುತ್ತದೆ. ಎಲ್ಲರೂ ರ‍್ಯಾಮ್‌ನತ್ತ ಓಡುತ್ತಾರೆ, ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ರ‍್ಯಾಮ್‌ಗೆ ಇರುವುದು ಎರಡೇ ಚಾನೆಲ್. ಹದಿನಾರು ಕೋರ್‌ಗಳು ಎರಡು ಬಾಗಿಲಲ್ಲಿ ನೂಕಾಡುವಾಗ ಒಂದೊಂದು ಓಟವೂ ಒಂಟಿಯಾಗಿದ್ದಾಗಿನದಕ್ಕಿಂತ ನಿಧಾನ. ಸರ್ವರ್ ಚಿಪ್‌ಗಳಿಗೆ, ಉದಾಹರಣೆಗೆ ಎಎಂಡಿಯ 2022ರ ಎಪಿಕ್ 9004 ಸಾಲಿಗೆ, 12 ಚಾನೆಲ್‌ಗಳಿವೆ. ಅವುಗಳ ಬೆಲೆಗೆ ನಿಜವಾದ ಸಮರ್ಥನೆ ಇದೇ. ವರ್ಷಕ್ಕೆರಡು ಸಲ ಮಾತ್ರ ಇಂಥ ಹೊರೆ ಬೀಳುವ ವಿಭಾಗ ಅದನ್ನು ಕೊಳ್ಳುವ ಬದಲು ಕ್ಲೌಡ್‌ನಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಹಿಡಿಯುವುದು ಜಾಣತನ.

ಇಷ್ಟಾಗಿಯೂ, ಓಟ ನಿಧಾನವಾದದ್ದಕ್ಕೆ ಪ್ರೊಸೆಸರ್‌ಗೆ ಬಯ್ಯುವ ಮುನ್ನ ನೋಡಬೇಕಾದ ಜಾಗಗಳಿವೆ. ಪೈಥಾನ್ ಸ್ಕ್ರಿಪ್ಟ್ ಒಂದು ಟ್ರಾಸಿ ಎಂಬ ಕೊಂಡಿಯ ಮೂಲಕ ಪ್ರತಿ ಸೆಕೆಂಡಿಗೂ ಪ್ರತಿ ವಾಹನದ ವೇಗವನ್ನು ಬೇರೆ ಬೇರೆಯಾಗಿ ಕೇಳಿದರೆ, ಮೇಲಿನ ಉದಾಹರಣೆಯಲ್ಲಿ 7.2 ಕೋಟಿ ಪ್ರಶ್ನೋತ್ತರಗಳು ಸಾಕೆಟ್ ದಾಟಿ ಹೋಗಿ ಬರಬೇಕು. ಅದರ ಬದಲು ಲಿಬ್‌ಸುಮೊ ಬಳಸಿದರೆ ಸಾಕೆಟ್ಟೇ ಇಲ್ಲ. ಸುಮೊ-ಆರ್‌ಎಲ್ ಎಂಬ ಜನಪ್ರಿಯ ಲೈಬ್ರರಿ ಇದರಿಂದ ಸುಮಾರು 8 ಪಟ್ಟು ವೇಗ ಸಿಗುತ್ತದೆ ಎನ್ನುತ್ತದೆ. ಯಾವ ಹೊಸ ತಲೆಮಾರಿನ ಪ್ರೊಸೆಸರ್ ಅಷ್ಟು ಕೊಟ್ಟೀತು? ಚಿತ್ರ ತೋರಿಸುವ ಕಿಟಕಿ ಮುಚ್ಚಿ ಓಡಿಸುವುದು, ಪ್ರತಿ ವಾಹನದ ಪ್ರತಿ ಕ್ಷಣದ ಜಾಡನ್ನು ಎಕ್ಸ್‌ಎಂಎಲ್ ಕಡತಕ್ಕೆ ಬರೆಸದಿರುವುದು, ಇವಕ್ಕೆ ಕಾಸೂ ಖರ್ಚಿಲ್ಲ. ಇಡೀ ಜಿಲ್ಲೆಯ ಹರಿವಷ್ಟೇ ಬೇಕಾದರೆ ಸುಮೊದಲ್ಲೇ ಇರುವ ಮೆಸೊ ವಿಧಾನ ನೂರು ಪಟ್ಟಿನವರೆಗೂ ವೇಗ.

ಎಲ್ಲಕ್ಕಿಂತ ಹೆಚ್ಚು ದುಡ್ಡು ತಿನ್ನುವುದು ನೆಟ್‌ವರ್ಕ್‌ನ ತಪ್ಪು. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಕ್ಷೆ ಇಳಿಸಿಕೊಂಡಾಗ ಒಂದು ದೊಡ್ಡ ಜಂಕ್ಷನ್ ನಾಲ್ಕೈದು ಸಣ್ಣ ಜಂಕ್ಷನ್‌ಗಳಾಗಿ ಒಡೆದು ಬರುತ್ತದೆ, ಒಂದೊಂದಕ್ಕೂ ತನ್ನದೇ ಸಿಗ್ನಲ್. ಹತ್ತು ಮೀಟರ್ ಅಂತರದ ಎರಡು ಸಿಗ್ನಲ್‌ಗಳ ನಡುವೆ ಬಸ್ಸು ಸಿಕ್ಕಿಹಾಕಿಕೊಳ್ಳುತ್ತದೆ, ಹಿಂದಿನ ರಸ್ತೆ ತುಂಬುತ್ತದೆ, ಅದರ ಹಿಂದಿನದೂ ತುಂಬುತ್ತದೆ. ಹೊರಹೋಗುವ ವಾಹನಗಳಿಲ್ಲ, ಒಳಬರುವವು ನಿಲ್ಲುವುದಿಲ್ಲ. ಲೆಕ್ಕ ಹಾಕಬೇಕಾದ ವಾಹನಗಳ ಸಂಖ್ಯೆ ಏರುತ್ತಲೇ ಹೋಗಿ ಓಟ ತೆವಳತೊಡಗುತ್ತದೆ. ಐದು ನಿಮಿಷ ಅಲುಗದೆ ನಿಂತ ವಾಹನವನ್ನು ಸುಮೊ ಎತ್ತಿ ಮುಂದಕ್ಕೆ ಇಡುತ್ತದೆ, ಟೆಲಿಪೋರ್ಟ್ ಎಂದು ಎಚ್ಚರಿಕೆಯ ಸಾಲೊಂದನ್ನು ಬರೆಯುತ್ತದೆ. ಅಂಥ ಸಾಲುಗಳು ನೂರಾರು ಹರಿದು ಹೋಗುತ್ತಿದ್ದರೂ ಅವನ್ನು ಓದದೆ, ಕಂಪ್ಯೂಟರ್ ಸಾಲದು ಎಂದು ಹೊಸದಕ್ಕೆ ಅರ್ಜಿ ಹಾಕುತ್ತಾರೆ. ಹೊಸದು ಅದೇ ತಪ್ಪು ಟ್ರಾಫಿಕ್ ಜಾಮನ್ನು ಶೇ 30ರಷ್ಟು ಬೇಗ ತೋರಿಸುತ್ತದೆ, ಅಷ್ಟೇ.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸುಮೊದ ಲೆಕ್ಕಾಚಾರ ಅದನ್ನು ಮುಟ್ಟುವುದೇ ಇಲ್ಲ. ಪರದೆಗೆ ಚಿತ್ರ ಬಿಡಿಸುವುದಕ್ಕಷ್ಟೇ ಬೇಕು. ಜಿಪಿಯು ಮೇಲೆ ಇಡೀ ನಗರ ಓಡಿಸುವ ಬರ್ಕ್ಲಿಯ ಮಾಂಟಾದಂಥ ಪ್ರಯೋಗಗಳು ಇವೆ. ಅವುಗಳನ್ನು ಬಳಸುವ ತೀರ್ಮಾನ ಮೊದಲಾಗಲಿ, ಕಾರ್ಡು ಆಮೇಲೆ.

ಟೆಂಡರ್ ಬರೆಯುವವರು ನನ್ನನ್ನು ಕೇಳಿದರೆ, ಕೋರ್ ಮತ್ತು ಗಿಗಾಹರ್ಟ್ಸ್ ಸಾಲುಗಳನ್ನು ಹೊಡೆದುಹಾಕಿ ಒಂದು ಷರತ್ತು ಸೇರಿಸಲು ಹೇಳುತ್ತೇನೆ. ವಿಭಾಗ ತಾನು ನಿಜವಾಗಿ ಬಳಸುವ ಒಂದು ನೆಟ್‌ವರ್ಕ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೊಡಲಿ, ಉಪಲೇನ್ ಹಾಕಿ, ಹೆಜ್ಜೆ 0.1ಕ್ಕೆ ಇಳಿಸಿ. ಬಿಡ್ ಹಾಕುವವರು ತಮ್ಮ ಯಂತ್ರದಲ್ಲಿ ಕಿಟಕಿ ತೆರೆಯದೆ ಅದನ್ನು ಮೊದಲು ಒಂಟಿಯಾಗಿ, ಆಮೇಲೆ ಹತ್ತು ಸೀಡ್‌ಗಳೊಂದಿಗೆ ಒಟ್ಟಿಗೆ ಓಡಿಸಿ, ಎರಡರ ಯುಪಿಎಸ್ ಸಾಲನ್ನೂ ಬರೆದುಕೊಡಲಿ. ಯಂತ್ರ ಬಂದ ದಿನ ಅದೇ ಕಡತವನ್ನು ನಡುಮಧ್ಯಾಹ್ನ, ಎಸಿ ಆರಿಸಿ, ಎರಡು ಗಂಟೆ ಓಡಿಸಿ ಆ ಅಂಕಿ ಬರುತ್ತದೆಯೇ ನೋಡಿ ಬಿಲ್ಲಿಗೆ ಸಹಿ ಹಾಕಲಿ. ಲೆಕ್ಕಪತ್ರ ವಿಭಾಗ ಇದಕ್ಕೆ ತಕರಾರು ತೆಗೆಯುವುದು ಖಂಡಿತ: ಹೋಲಿಕೆ ಪಟ್ಟಿಯಲ್ಲಿ ಕೋರ್‌ಗೆ ಕಲಂ ಇದೆ, ರ‍್ಯಾಮ್‌ಗೆ ಇದೆ, ಯುಪಿಎಸ್ ಕಲಂನಲ್ಲಿ ಅವರು ಕೇಳುವುದು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು.